ಜ್ಞಾಪಕಶಕ್ತಿಗೆ ಟಾನಿಕ್ ಇದೆಯೇ?

ಪರೀಕ್ಷೆ ಹತ್ತಿರ ಬಂತೆಂದರೆ ವೈದ್ಯರಲ್ಲಿ ತಪ್ಪದೆ ಬರುವ ಬೇಡಿಕೆಯೊಂದಿದೆ: "ಡಾಕ್ಟ್ರೇ, ಇವನಿಗೆ ಓದಿದ್ದು ತಲೆಯಲ್ಲಿ ನಿಲ್ಲುವುದಿಲ್ಲ. ಜ್ಞಾಪಕಶಕ್ತಿಗೆ ಒಂದು ಒಳ್ಳೆಯ ಟಾನಿಕ್ ಬರೆದುಕೊಡಿ." ಹಾಗೆ ಬಂದವರಲ್ಲಿ ಮೂರನೇ ತರಗತಿಯ ಹುಡುಗನೊಬ್ಬನಿದ್ದ. ಶಾಲೆಯಲ್ಲಿ ಆಗಲೇ 'ದಡ್ಡ' ಎಂಬ ಹೆಸರು ಬಿದ್ದಿತ್ತು. ಮಗ್ಗಿ ಬಾರದ ದಿನ ಮನೆಯಲ್ಲಿ ಪೆಟ್ಟೂ ಬೀಳುತ್ತಿತ್ತು. ಅವನ ವಿಚಾರಕ್ಕೆ ಆಮೇಲೆ ಬರೋಣ.

ಆರು ವರ್ಷದ ಹೊತ್ತಿಗೆ ಮಗುವಿನ ಮೆದುಳು ಗಾತ್ರದಲ್ಲಿ ದೊಡ್ಡವರ ಮೆದುಳಿನ ಸುಮಾರು ಶೇಕಡ 90ರಷ್ಟಾಗಿರುತ್ತದೆ. ಆದರೆ ಕೆಲಸದಲ್ಲಿ ಅದಿನ್ನೂ ಎಳೆಯದು. ಗಮನವಿಟ್ಟು ಕೂರಲು, ಯೋಚಿಸಿ ಮಾಡಲು ನೆರವಾಗುವ ಮುಂಭಾಗ ಪೂರ್ತಿ ಬಲಿಯಲು ಇಪ್ಪತ್ತು ವರ್ಷ ದಾಟಬೇಕು. ಸ್ವಿಟ್ಜರ್ಲೆಂಡಿನ ಮನೋವಿಜ್ಞಾನಿ ಪಿಯಾಜೆ ತೋರಿಸಿದ ಪರೀಕ್ಷೆಯನ್ನು ನೀವೂ ಮಾಡಿ ನೋಡಬಹುದು. ಅಗಲ ಲೋಟದ ನೀರನ್ನು ಮಗುವಿನ ಎದುರೇ ಎತ್ತರದ, ಕಿರಿದಾದ ಲೋಟಕ್ಕೆ ಸುರಿಯಿರಿ. ನಾಲ್ಕೈದು ವರ್ಷದ ಮಗು ಎತ್ತರದ ಲೋಟದಲ್ಲೇ ನೀರು ಹೆಚ್ಚು ಎನ್ನುತ್ತದೆ. ಏಳೆಂಟು ವರ್ಷದ ಮಗು ನಕ್ಕುಬಿಡುತ್ತದೆ. ನಡುವೆ ಯಾರೂ ಪಾಠ ಹೇಳಿಕೊಟ್ಟಿರುವುದಿಲ್ಲ. ಎಲ್.ಕೆ.ಜಿ. ಮಗುವಿಗೆ ಕೂಡುವ ಲೆಕ್ಕ ಹೇಳಿ ಗದರಿಸುವವರು ಇದನ್ನು ಯೋಚಿಸಬೇಕು.

ನೆನಪಿನ ಮಾತೂ ಹಾಗೆಯೇ. ಒಮ್ಮೆ ಕೇಳಿದ ಅಂಕಿಗಳನ್ನು ಹಾಗೇ ತಿರುಗಿ ಹೇಳು ಎಂದರೆ ಐದು ವರ್ಷದ ಮಗು ಸುಮಾರು ನಾಲ್ಕನ್ನು ಹೇಳೀತು, ದೊಡ್ಡವರು ಏಳನ್ನು. "ಚೀಲ ಇಡು, ಕೈಕಾಲು ತೊಳೆ, ಬಟ್ಟೆ ಬದಲಾಯಿಸು, ಹೋಮ್‌ವರ್ಕ್ ತೆಗೆ" ಎಂದು ಒಂದೇ ಉಸಿರಿಗೆ ಹೇಳಿದರೆ ಪುಟ್ಟ ಮಗು ಚೀಲ ಇಟ್ಟು ನಿಂತುಬಿಡುತ್ತದೆ. ಅದು ಮೊಂಡುತನವಲ್ಲ. ಮನಸ್ಸಿನಲ್ಲೇ ಹೇಳಿಕೊಂಡು ನೆನಪಿಟ್ಟುಕೊಳ್ಳುವ ಉಪಾಯ ಬರುವುದು ಸುಮಾರು ಏಳನೇ ವಯಸ್ಸಿಗೆ.

ಓದಿಗೂ ಕಾಲ ಬೇಕು. ಕನ್ನಡದ ಮೂಲ ಅಕ್ಷರಗಳು 49. ಕಾಗುಣಿತ, ಒತ್ತಕ್ಷರ ಸೇರಿದರೆ ಮಗು ಗುರುತಿಸಬೇಕಾದ ರೂಪಗಳು ನೂರಾರು. ಮೂರು, ನಾಲ್ಕನೇ ತರಗತಿಯಲ್ಲೂ ಒತ್ತಕ್ಷರದಲ್ಲಿ ಎಡವುವುದು ಅಪರೂಪವಲ್ಲ.

ಕಲಿತದ್ದು ನಿಲ್ಲಬೇಕಾದರೆ ಬಿಟ್ಟುಬಿಟ್ಟು ಕಲಿಯಬೇಕು. ಜರ್ಮನಿಯ ಎಬ್ಬಿಂಗ್‌ಹೌಸ್ 1885ರಲ್ಲೇ ಇದನ್ನು ತನ್ನ ಮೇಲೇ ಪ್ರಯೋಗ ಮಾಡಿಕೊಂಡು ತೋರಿಸಿದ. ಭಾನುವಾರ ಎರಡು ಗಂಟೆ ಕೂರಿಸುವುದಕ್ಕಿಂತ ದಿನಾ ಹತ್ತು ನಿಮಿಷ, ಅದೂ ಪುಸ್ತಕ ಮುಚ್ಚಿ ಹೇಳಿಸುವುದು ಮೇಲು. ಸಂಜೆ ದೀಪ ಹಚ್ಚಿದ ಮೇಲೆ ಅಜ್ಜ ಬಾಯಿಪಾಠ ಒಪ್ಪಿಸಿಕೊಳ್ಳುತ್ತಿದ್ದುದರಲ್ಲಿ ಅರ್ಥವಿತ್ತು. ಕಲಿತದ್ದು ಗಟ್ಟಿಯಾಗುವುದು ನಿದ್ದೆಯಲ್ಲಿ. ಆರರಿಂದ ಹನ್ನೆರಡು ವರ್ಷದವರಿಗೆ 9 ರಿಂದ 12 ಗಂಟೆ ನಿದ್ದೆ ಬೇಕು. ಮೊಬೈಲ್ ಹಿಡಿದು ಹನ್ನೊಂದಕ್ಕೆ ಮಲಗುವ ಮಗುವಿಗೆ ಅದು ಎಲ್ಲಿಂದ ಸಿಗಬೇಕು?

ಇನ್ನು ಆ ಹುಡುಗ. ನಾಲಿಗೆ ಬಿಳಿಚಿತ್ತು. ವಿಚಾರಿಸಿದಾಗ ಅವನ ತಾಯಿ, "ಬಳಪ ತಿನ್ನುತ್ತಾನೆ, ಎಷ್ಟು ಹೊಡೆದರೂ ಬಿಡುವುದಿಲ್ಲ" ಎಂದರು. ರಕ್ತ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ 8.4 ಗ್ರಾಂ ಇತ್ತು. ಈ ವಯಸ್ಸಿಗೆ ಕನಿಷ್ಠ 11.5 ಇರಬೇಕು. ಕಬ್ಬಿಣದ ಅಂಶ ಕಡಿಮೆಯಾದಾಗ ಬಳಪ, ಮಣ್ಣು ತಿನ್ನುವ ಚಪಲ ಬರುತ್ತದೆ, ಗಮನವೂ ಕುಗ್ಗುತ್ತದೆ. ಜಂತುಹುಳುವಿನ ಮಾತ್ರೆ, ಕಬ್ಬಿಣದ ಔಷಧ ಕೊಟ್ಟೆ. ಊಟದ ಜೊತೆ ಚಹಾ ಬೇಡ, ಸೊಪ್ಪಿನ ಪಲ್ಯಕ್ಕೆ ನಿಂಬೆಹುಳಿ ಹಿಂಡಿ ಎಂದೆ. ಜಾಹೀರಾತಿನ ಟಾನಿಕ್ ಬರೆಯಲಿಲ್ಲ. ಆರೋಗ್ಯವಂತ ಮಗುವಿನ ಜ್ಞಾಪಕಶಕ್ತಿ ಹೆಚ್ಚಿಸುತ್ತದೆಂದು ಖಚಿತವಾಗಿ ಸಾಬೀತಾದ ಟಾನಿಕ್ ಯಾವುದೂ ಇಲ್ಲ.

ಎಲ್ಲ ಮಕ್ಕಳಿಗೂ ಕಾರಣ ಇದೇ ಅಲ್ಲ. ಬೋರ್ಡು ಕಾಣದೆ ಪಕ್ಕದವನ ಪುಸ್ತಕ ನೋಡಿ ಬರೆಯುವವರಿದ್ದಾರೆ, ಕಿವಿ ಸೋರಿ ಪಾಠ ಅರ್ಧ ಕೇಳಿಸುವವರಿದ್ದಾರೆ. ಬಾಯಲ್ಲಿ ಚುರುಕಾಗಿದ್ದು ಓದು, ಬರಹದಲ್ಲಿ ಮಾತ್ರ ವರ್ಷಗಟ್ಟಲೆ ಹಿಂದುಳಿದರೆ ಕಲಿಕೆಯ ನ್ಯೂನತೆ ಇದೆಯೇ ಎಂದು ತಜ್ಞರಿಂದ ಪರೀಕ್ಷಿಸಬೇಕು. ಕಲಿತದ್ದನ್ನೇ ಮಗು ಮರೆಯುತ್ತ ಹೋದರೆ, ನಡುನಡುವೆ ಶೂನ್ಯ ನೋಟ ಬೀರಿ ನಿಂತುಬಿಟ್ಟರೆ ತಡಮಾಡದೆ ವೈದ್ಯರಿಗೆ ತೋರಿಸಿ.

ಮೂರು ತಿಂಗಳ ಬಳಿಕ ಹುಡುಗನ ಹಿಮೋಗ್ಲೋಬಿನ್ 11.8ಕ್ಕೆ ಏರಿತ್ತು. ಶರೀರದ ದಾಸ್ತಾನು ತುಂಬಲೆಂದು ಔಷಧವನ್ನು ಇನ್ನೆರಡು ತಿಂಗಳು ಮುಂದುವರಿಸಿದೆ. ಬಳಪ ಬಿಟ್ಟಿದ್ದ. ಮೇಜಿನ ಅಂಚು ಹಿಡಿದು ಮಗ್ಗಿ ಹೇಳಿದ. ಏಳೆಂಟ್ಲ ಬಳಿ ತಡವರಿಸಿದ. ಅವನಪ್ಪ ಬಾಯಿ ತೆರೆಯುವುದರೊಳಗೆ, ಅವನೇ ಬೆರಳು ಮಡಚಿ ಐವತ್ತಾರು ಎಂದ.