ಕಿವಿಯೋಲೆಯ 12 ಅಂಕಿ ತಪ್ಪದಿರಲಿ
ನಿಮ್ಮ ಹಸುವಿನ ಕಿವಿಯೋಲೆಯಲ್ಲಿ 12 ಅಂಕಿಗಳಿವೆ. ಕಂಪ್ಯೂಟರಿಗೆ ಹಾಕುವಾಗ ಒಂದು ತಪ್ಪಿದರೂ ಲಸಿಕೆ, ಕೃತಕ ಗರ್ಭಧಾರಣೆಯ ದಾಖಲೆ ನಿಮ್ಮ ಹಸುವಿಗೆ ಸೇರುವುದಿಲ್ಲ. ವಿಮೆ ಕೇಳುವಾಗ ಓಲೆಗೂ ಕಾಗದಕ್ಕೂ ತಾಳೆಯಾಗದಿದ್ದರೆ ಪರದಾಟ ನಿಮ್ಮದೇ.

ಮನೆಯಲ್ಲಾಗಲಿ ಸಂಘದಲ್ಲಾಗಲಿ ಟೈಪ್ ಮಾಡುವವರು ಕೀಬೋರ್ಡಿನ ಬಲಬದಿಯ ಅಂಕಿಗಳನ್ನು ಬಳಸಿ. ‘ನಮ್ ಲಾಕ್’ ಆನ್ ಇರಲಿ. 5ರ ಕೀಲಿಯ ಮೇಲೊಂದು ಸಣ್ಣ ಉಬ್ಬು ಬೆರಳಿಗೆ ಸಿಗುತ್ತದೆ. ನಡುಬೆರಳು ಅಲ್ಲಿ, ತೋರುಬೆರಳು 4ರ ಮೇಲೆ, ಉಂಗುರಬೆರಳು 6ರ ಮೇಲೆ, ಸೊನ್ನೆಗೆ ಹೆಬ್ಬೆರಳು. ಆಗ ಕಣ್ಣು ಬರೆದುಕೊಂಡ ಸಂಖ್ಯೆಯ ಮೇಲೆಯೇ ಇರುತ್ತದೆ. ಹಾಲು ಕರೆಯುವ ಕೈಗೆ ನೋಡದೆ ಕೆಲಸ ಮಾಡುವುದು ಹೊಸತೇನಲ್ಲ!

ಓಲೆಯ ಸಗಣಿ ಒರೆಸಿಯೇ ಸಂಖ್ಯೆ ಬರೆದುಕೊಳ್ಳಿ. 3 ಮತ್ತು 8 ಬೇಗ ಮೋಸ ಮಾಡುತ್ತವೆ. ಒಬ್ಬರು ನಾಲ್ಕು ನಾಲ್ಕು ಅಂಕಿಯಾಗಿ ಓದಲಿ, ಇನ್ನೊಬ್ಬರು ಒತ್ತಲಿ. ಎಂಟರ್ ಒತ್ತುವ ಮುನ್ನ ಪರದೆ ನೋಡಿ ತಿರುಗಿ ಓದಿಸಿ.