ಬೆಳಗ್ಗೆ ಕಾರು ಸ್ಟಾರ್ಟ್ ಮಾಡಿ ಹತ್ತು ನಿಮಿಷ ನಿಲ್ಲಿಸಬೇಕಾ?

ಡಿಸೆಂಬರ್ ಬಂತು ಅಂದರೆ ವಾಟ್ಸಾಪ್ ಗ್ರೂಪ್‌ಗಳಲ್ಲಿ ಎರಡು ಬಗೆಯ ಫಾರ್ವರ್ಡ್‌ಗಳು ಓಡಾಡುತ್ತವೆ. ಚಳಿಯಲ್ಲಿ ಕಾರು ಸ್ಟಾರ್ಟ್ ಮಾಡಿ ಹತ್ತು ನಿಮಿಷ ಹಾಗೇ ಬಿಡಿ, ಇಲ್ಲದಿದ್ದರೆ ಎಂಜಿನ್ ಹಾಳಾಗುತ್ತೆ ಅನ್ನುವುದು ಒಂದು. ಅದೆಲ್ಲ ಹಳೇ ಕಾಲದ ಮಾತು, ಈಗಿನ ಗಾಡಿಗಳಿಗೆ ಏನೂ ಬೇಡ, ಸ್ಟಾರ್ಟ್ ಮಾಡಿ ಹೊರಡ್ತಾ ಇರಿ ಅನ್ನುವುದು ಇನ್ನೊಂದು. ಬಾಗಲೂರಿನ ನಮ್ಮ ಅಪಾರ್ಟ್‌ಮೆಂಟ್‌ನಲ್ಲಿ ಎರಡೂ ಪಾರ್ಟಿಯವರಿದ್ದಾರೆ. ಒಬ್ಬ ಅಂಕಲ್ ಬೆಳಗ್ಗೆ ಆರಕ್ಕೆ ಬೇಸ್‌ಮೆಂಟ್‌ನಲ್ಲಿ ಎಂಜಿನ್ ಆನ್ ಮಾಡಿ, ಮೇಲೆ ಹೋಗಿ ಕಾಫಿ ಕುಡಿದು ಬರುತ್ತಾರೆ. ಫ್ಲೈಟ್‌ಗೆ ತಡವಾದ ಹುಡುಗರು ಸ್ಟಾರ್ಟ್ ಆದ ಕ್ಷಣವೇ ರ್‍ಯಾಂಪ್ ಮೇಲೆ ಫುಲ್ ರೈಸ್ ಕೊಟ್ಟು ಹಾರುತ್ತಾರೆ.

ಎರಡೂ ತಪ್ಪು. ಅರ್ಧ ನಿಮಿಷ ಸಾಕು. ಆಮೇಲೆ ಹೊರಡಿ, ಆದರೆ ಮೊದಲ ನಾಲ್ಕೈದು ಕಿಲೋಮೀಟರ್ ಮೆಲ್ಲಗೆ ಓಡಿಸಿ.

ಹತ್ತು ನಿಮಿಷದ ಮಾತು ಎಲ್ಲಿಂದ ಬಂತು?

ಇದು ಪೂರ್ತಿ ಕಟ್ಟುಕತೆಯೇನಲ್ಲ. 1983ರ ಡಿಸೆಂಬರ್‌ನಲ್ಲಿ ಬಂದ ಮಾರುತಿ 800, ಅದಕ್ಕೂ ಮೊದಲಿನ ಪ್ರೀಮಿಯರ್ ಪದ್ಮಿನಿ, ಅಂಬಾಸಿಡರ್ ಎಲ್ಲವೂ ಕಾರ್ಬುರೇಟರ್ ಗಾಡಿಗಳು. ತಣ್ಣಗಿದ್ದಾಗ ಪೆಟ್ರೋಲ್ ಸರಿಯಾಗಿ ಆವಿಯಾಗದೆ ಎಂಜಿನ್ ಕೆಮ್ಮುತ್ತಿತ್ತು, ಆಫ್ ಆಗುತ್ತಿತ್ತು. ಚೋಕ್ ಎಳೆದು ಕಾಯುವುದು ಬಿಟ್ಟರೆ ಬೇರೆ ದಾರಿ ಇರಲಿಲ್ಲ. ನಿಮ್ಮ ಅಪ್ಪನೋ ಮಾವನೋ ಕಲಿತದ್ದು ಆ ಗಾಡಿಯಲ್ಲಿ. ಈಗಿನ ಫ್ಯುಯಲ್ ಇಂಜೆಕ್ಷನ್ ಕಾರಿನಲ್ಲಿ ಸೆನ್ಸರ್‌ಗಳು ಉಷ್ಣಾಂಶ ನೋಡಿಕೊಂಡು ಎಷ್ಟು ಪೆಟ್ರೋಲ್ ಬೇಕೋ ಅಷ್ಟನ್ನು ತಾವೇ ಕೊಡುತ್ತವೆ. ಕಾಯುವ ಕಾರಣ ಅಲ್ಲಿಗೇ ಮುಗಿಯಿತು.

ಇನ್ನು ನಮ್ಮ ಚಳಿ. ಜನವರಿಯಲ್ಲಿ ಬೆಂಗಳೂರಿನ ಬೆಳಗಿನ ಉಷ್ಣಾಂಶ ಸಾಮಾನ್ಯವಾಗಿ 15–16 ಡಿಗ್ರಿ. ನಗರದಲ್ಲಿ ದಾಖಲಾದ ಅತಿ ಕಡಿಮೆ ಎಂದರೆ 7.8 ಡಿಗ್ರಿ, ಅದೂ 1884ರ ಜನವರಿ 13ರಂದು. ಮೈನಸ್‌ಗೆ ಇಳಿಯುವ ಲಡಾಖ್‌ನ ಸಲಹೆಯನ್ನು ಇಲ್ಲಿಗೆ ತರುವುದರಲ್ಲಿ ಅರ್ಥವಿಲ್ಲ. ಅಷ್ಟೇಕೆ, ಚಳಿ ಇನ್ನೂ ಜಾಸ್ತಿ ಇರುವ ಅಮೆರಿಕದಲ್ಲೇ ಅಲ್ಲಿನ ಸರ್ಕಾರದ ಇಂಧನ ಮಿತವ್ಯಯ ವೆಬ್‌ಸೈಟ್, ಹೆಚ್ಚಿನ ಕಂಪನಿಗಳ ಸಲಹೆ ಸುಮಾರು 30 ಸೆಕೆಂಡ್ ಬಿಟ್ಟು ಮೆಲ್ಲಗೆ ಹೊರಡಿ ಎಂಬುದು ಅನ್ನುತ್ತದೆ.

ಹಾಗಾದರೆ ಮೆಲ್ಲಗೆ ಯಾಕೆ?

ಆಯಿಲ್ ಡಬ್ಬದ ಮೇಲೆ 5ಡಬ್ಲ್ಯು-30 ಅಂತ ಇರುವುದನ್ನು ನೋಡಿರುತ್ತೀರಿ. ಆ ಆಯಿಲ್ 100 ಡಿಗ್ರಿಯಲ್ಲಿ ಇರುವುದಕ್ಕಿಂತ 40 ಡಿಗ್ರಿಯಲ್ಲಿ ಹೆಚ್ಚೂಕಡಿಮೆ ಆರು ಪಟ್ಟು ಮಂದ. ಬಾಗಲೂರಿನ ಬೆಳಗಿನ 15 ಡಿಗ್ರಿಯಲ್ಲಿ ಇನ್ನೂ ಮಂದ. ಸ್ಟಾರ್ಟ್ ಆದ ಕೆಲವೇ ಸೆಕೆಂಡುಗಳಲ್ಲಿ ಪಂಪ್ ಅದನ್ನು ಮೇಲಕ್ಕೆ ತಲುಪಿಸುತ್ತದೆ ನಿಜ, ಆದರೆ ಅದು ತನ್ನ ಕೆಲಸ ಪೂರ್ತಿ ಮಾಡುವುದು ಬಿಸಿಯಾದ ಮೇಲೆಯೇ.

ಇನ್ನೊಂದು ವಿಷಯ ಪಿಸ್ಟನ್. ಅದು ಅಲ್ಯೂಮಿನಿಯಂ. ಅದು ಓಡಾಡುವ ಸಿಲಿಂಡರ್‌ನ ಗೋಡೆ ಹೆಚ್ಚಾಗಿ ಎರಕದ ಕಬ್ಬಿಣ. ಅಷ್ಟೇ ಬಿಸಿಗೆ ಅಲ್ಯೂಮಿನಿಯಂ ಕಬ್ಬಿಣದ ಎರಡು ಪಟ್ಟು ಹಿಗ್ಗುತ್ತದೆ. ಎಲ್ಲ ಭಾಗಗಳೂ ಬಿಸಿಯಾದಾಗ ಅಳತೆ ಸರಿಯಾಗಿ ಕೂರುವ ಹಾಗೆ ಎಂಜಿನ್ ಮಾಡಿರುತ್ತಾರೆ. ತಣ್ಣಗಿದ್ದಾಗ ಜೋರಾಗಿ ತುಳಿದರೆ ಪಿಸ್ಟನ್ ಬೇಗ ಬಿಸಿಯಾಗಿ ಹಿಗ್ಗುತ್ತದೆ, ಸುತ್ತಲಿನ ಲೋಹ ಇನ್ನೂ ತಣ್ಣಗೇ ಇರುತ್ತದೆ. ಒಂದು ದಿನ ಹೀಗೆ ಮಾಡಿದರೆ ಏನೂ ಆಗದು. ದಿನಾ ಮಾಡಿದರೆ ಸವೆತ. ಟರ್ಬೋ ಇರುವ ಗಾಡಿಯಾದರೆ ಇನ್ನೂ ಹುಷಾರು, ಅದರ ಬೇರಿಂಗ್ ನಿಂತಿರುವುದೇ ಆಯಿಲ್ ಮೇಲೆ.

ಮೆಲ್ಲಗೆ ಅಂದರೆ 20ರ ಸ್ಪೀಡ್ ಅಲ್ಲ. ಆಕ್ಸಿಲರೇಟರ್ ಪೂರ್ತಿ ಒತ್ತದೆ, ಆರ್‌ಪಿಎಂ 2,500 ದಾಟದ ಹಾಗೆ ಗೇರ್ ಬದಲಿಸುತ್ತಾ ಹೋಗುವುದು. ಬಾಗಲೂರಿನವರಿಗೆ ಒಂದು ಅನುಕೂಲ: ಹಂಪ್ಸು, ಟ್ಯಾಂಕರು, ಹಳ್ಳ ಎಲ್ಲ ದಾಟಿ, ಕಟ್ಟಿಗೇನಹಳ್ಳಿ ಮೇಲೆ ಬಾಗಲೂರು ಕ್ರಾಸ್ ತಲುಪುವಷ್ಟರಲ್ಲಿ ಎಂಜಿನ್ ಬಿಸಿಯಾಗಿರುತ್ತದೆ. ಕಷ್ಟ ಇರುವುದು ಕ್ರಾಸ್ ಹತ್ತಿರವೇ ಮನೆ ಇರುವವರಿಗೆ. ಎರಡು ನಿಮಿಷದಲ್ಲಿ ಬಳ್ಳಾರಿ ರಸ್ತೆ, ಅಲ್ಲಿ ಎಲ್ಲರೂ ಏರ್‌ಪೋರ್ಟ್ ಅವಸರದಲ್ಲಿ. ಸ್ವಲ್ಪ ದೂರ ಎಡಗಡೆ ಲೇನ್‌ನಲ್ಲೇ ಹೋಗಿ. ಕೆಲವು ಕಾರುಗಳಲ್ಲಿ ತಣ್ಣಗಿದ್ದಾಗ ನೀಲಿ ದೀಪ ಉರಿಯುತ್ತದೆ. ಅದು ಆರಿದರೂ, ಆಯಿಲ್ ಬಿಸಿಯಾಗಲು ಕೂಲೆಂಟ್‌ಗಿಂತ ಹೆಚ್ಚು ಹೊತ್ತು ಬೇಕು.

ನಿಲ್ಲಿಸಿಕೊಂಡರೆ ಏನು ನಷ್ಟ?

ನಿಂತ ಗಾಡಿಯ ಎಂಜಿನ್ ಬಹಳ ನಿಧಾನವಾಗಿ ಬಿಸಿಯಾಗುತ್ತದೆ. ತಣ್ಣಗಿರುವಷ್ಟು ಹೊತ್ತು ಪೆಟ್ರೋಲ್ ಹೆಚ್ಚಾಗಿ ಹೋಗುತ್ತದೆ, ಸುಡದೆ ಉಳಿದ ಸ್ವಲ್ಪ ಭಾಗ ಆಯಿಲ್‌ಗೂ ಸೇರುತ್ತದೆ. ಅಂಕಲ್ ಎಂಜಿನ್ ಉಳಿಸಲು ಮಾಡುವ ಕೆಲಸ ಎಂಜಿನ್‌ಗೇ ಒಳ್ಳೆಯದಲ್ಲ. ಆದರೆ ನನಗೆ ಚಿಂತೆ ಅದರದ್ದಲ್ಲ, ಬೇಸ್‌ಮೆಂಟಿನದ್ದು.

ಹೊಗೆಯನ್ನು ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಸುಮಾರು 250–300 ಡಿಗ್ರಿ ಮುಟ್ಟುವವರೆಗೆ ಸರಿಯಾಗಿ ಕೆಲಸ ಮಾಡುವುದಿಲ್ಲ. ನಿಮ್ಮದು ಬಿಎಸ್-6 ಗಾಡಿಯಾದರೂ ಇದು ಬದಲಾಗುವುದಿಲ್ಲ. ಅಂದರೆ ತಣ್ಣಗಿನ ಎಂಜಿನ್ ಕಾರ್ಬನ್ ಮೊನಾಕ್ಸೈಡ್ ಅನ್ನು ಅತಿ ಹೆಚ್ಚು ಉಗುಳುವುದು ಈ ಮೊದಲ ನಿಮಿಷಗಳಲ್ಲೇ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ತಲೆನೋವು, ತಲೆಸುತ್ತು, ವಾಕರಿಕೆಯಿಂದ ಶುರುವಾಗಿ ಪ್ರಜ್ಞೆ ತಪ್ಪಬಹುದು, ಜೀವವೂ ಹೋಗಬಹುದು. ಶಟರ್ ಎಳೆದ ಮನೆ ಗ್ಯಾರೇಜ್‌ನಲ್ಲಿ ಎಂಜಿನ್ ಆನ್ ಬಿಡುವುದಂತೂ ಬೇಡವೇ ಬೇಡ. ಗಾಳಿಯಾಡದ ಬೇಸ್‌ಮೆಂಟ್‌ನಲ್ಲಿ ಕಾರು ತೊಳೆಯುವವರು, ಸೆಕ್ಯುರಿಟಿಯವರು ಬೆಳಗ್ಗೆಯೆಲ್ಲ ಅಲ್ಲೇ ಇರುತ್ತಾರೆ ಅನ್ನುವುದೂ ನೆನಪಿರಲಿ.

ಇದನ್ನು ಹೇಳಿದಾಗ ಅಂಕಲ್ ಒಳ್ಳೆಯ ಪ್ರಶ್ನೆ ಕೇಳಿದರು: "ಜಕ್ಕೂರಲ್ಲಿ ಟ್ರೇನಿಂಗ್ ವಿಮಾನ ನಿಂತ್ಕೊಂಡೇ ಬಿಸಿ ಮಾಡ್ತಾರಲ್ಲಮ್ಮ?" ನಿಜ, ಸಣ್ಣ ಪಿಸ್ಟನ್ ವಿಮಾನಗಳಲ್ಲಿ ಆಯಿಲ್ ಬಿಸಿಯಾಗುವುದನ್ನು ನೋಡಿಕೊಂಡೇ ಟೇಕಾಫ್. ರನ್‌ವೇಯಲ್ಲಿ ಮೆಲ್ಲಗೆ ಹಾರುವುದು ಅಂತ ಇಲ್ಲವಲ್ಲ, ಒಂದೇ ಸಲಕ್ಕೆ ಪೂರ್ತಿ ಶಕ್ತಿ ಕೊಡಬೇಕು. ಕಾರಿಗೆ ಆ ಅವಸರವಿಲ್ಲ.

ಮಂಜು ಮುಸುಕಿ ಗಾಜು ಕಾಣದಿದ್ದರೆ ಮಾತ್ರ ಬೇರೆ ಮಾತು. ಕಾರನ್ನು ಬಯಲಿಗೆ ತಂದು, ಎಸಿ ಹಾಕಿ, ಗಾಜು ತಿಳಿಯಾಗುವವರೆಗೆ ನಿಲ್ಲಿಸಿಕೊಳ್ಳಿ. ವಾರಗಟ್ಟಲೆ ನಿಂತ ಕಾರನ್ನು ಬ್ಯಾಟರಿಗೋಸ್ಕರ ಐದು ನಿಮಿಷ ಸ್ಟಾರ್ಟ್ ಮಾಡಿ ಆಫ್ ಮಾಡುವವರೂ ಇದ್ದಾರೆ. ಅಷ್ಟರಲ್ಲಿ ಬ್ಯಾಟರಿ ಸರಿಯಾಗಿ ಚಾರ್ಜ್ ಆಗುವುದಿಲ್ಲ, ಸೈಲೆನ್ಸರ್‌ನಲ್ಲಿ ನೀರು ಮಾತ್ರ ಉಳಿಯುತ್ತದೆ. ವಾರಕ್ಕೊಮ್ಮೆ ಅರ್ಧ ಗಂಟೆ ಯಲಹಂಕದ ಕಡೆ ಒಂದು ರೌಂಡ್ ಹೊಡೆದು ಬನ್ನಿ.