ಬಸುರಿ ಮಾತ್ರೆ ಬಿಟ್ಟುಬಿಟ್ಟರೆ ಸಾಕೆ?

“ಹೊಟ್ಟೇಲಿ ಮಗು ಇಟ್ಕೊಂಡು ಅಮಲಿನ ಮಾತ್ರೆ ನುಂಗ್ತಾಳಲ್ಲ, ಇವಳೆಂಥ ತಾಯಿ!” ಊರಿನ ತೀರ್ಪು ಇಷ್ಟೇ. ಅವಳು ಮೋಜಿಗೆ ನುಂಗುತ್ತಾಳೆ, ಮನಸ್ಸು ಮಾಡಿದರೆ ನಾಳೆಯೇ ಬಿಡಬಹುದು ಎಂಬ ನಂಬಿಕೆ ಅದರ ಹಿಂದಿದೆ. ಎರಡೂ ತಪ್ಪು.

ಇಲ್ಲಿ ಹೇಳುತ್ತಿರುವುದು ಅಫೀಮಿನ ಗುಂಪಿನ ಮಾತ್ರೆಗಳ ಬಗ್ಗೆ. ಆ ಗುಂಪು ಎಂದರೆ ಹೆರಾಯಿನ್ ಒಂದೇ ಅಲ್ಲ. ನೋವಿಗೆ ಬರೆದುಕೊಡುವ ಟ್ರಮಡಾಲ್, ಟ್ಯಾಪೆಂಟಡಾಲ್, ಕೆಲವು ಕೆಮ್ಮಿನ ಸಿರಪ್ಪುಗಳಲ್ಲಿರುವ ಕೊಡೀನ್ ಕೂಡ ಅದೇ ಜಾತಿ. ತುಮಕೂರಿನ ಕೋರ ಹೋಬಳಿಯ ವಸಂತನರಸಾಪುರದ ಕಾರ್ಖಾನೆಗಳಲ್ಲಾಗಲಿ, ಗುಬ್ಬಿಯ ತೋಟಗಳಲ್ಲಾಗಲಿ ದುಡಿಯುವ ಹೆಂಗಸರಿಗೆ ಸೊಂಟನೋವು ಹೊಸದಲ್ಲ. ಡಾಕ್ಟರ ಚೀಟಿಯ ಅವಧಿ ಮುಗಿದ ಮೇಲೂ ಇಂಥ ಮಾತ್ರೆ ಮುಂದುವರಿದರೆ ಯಾರ ದೇಹವಾದರೂ ಅದಕ್ಕೆ ಒಗ್ಗಿಹೋಗುತ್ತದೆ. ಕೆಲವರಿಗೆ ಗಂಡನಿಂದಲೇ ಚಟ ಅಂಟಿರುತ್ತದೆ. ಹೊಡೆತ, ಸಾಲ, ಖಿನ್ನತೆ ಬೆನ್ನಿಗೇ ಇರುತ್ತವೆ. ಈ ಔಷಧಗಳು ಮುಟ್ಟನ್ನೂ ಏರುಪೇರು ಮಾಡುವುದರಿಂದ ಬಸಿರು ನಿಂತದ್ದೇ ಎಷ್ಟೋ ಸಲ ತಡವಾಗಿ ಗೊತ್ತಾಗುತ್ತದೆ.

ಗೊತ್ತಾದ ದಿನವೇ ನಿಲ್ಲಿಸಬೇಕು ಎಂಬುದು ಎಲ್ಲಕ್ಕಿಂತ ಅಪಾಯದ ನಂಬಿಕೆ. ಒಮ್ಮೆಲೇ ಬಿಟ್ಟರೆ ವಾಂತಿ, ಭೇದಿ, ಮೈನೋವು, ನಿದ್ದೆಗೇಡು. ಗರ್ಭಪಾತ, ದಿನ ತುಂಬುವ ಮೊದಲೇ ಹೆರಿಗೆ ಆಗುವ ಭಯವೂ ಉಂಟು. ತಡೆಯಲಾರದೆ ಮತ್ತೆ ಹಳೆಯ ಪ್ರಮಾಣವನ್ನೇ ನುಂಗಿದರೆ ಉಸಿರೇ ನಿಲ್ಲಬಹುದು. ಅದಕ್ಕೇ ವಿಶ್ವ ಆರೋಗ್ಯ ಸಂಸ್ಥೆಯ 2014ರ ಮಾರ್ಗಸೂಚಿ, ಚಟಕ್ಕೆ ಒಳಗಾದ ಬಸುರಿಯರಿಗೆ ವೈದ್ಯರ ನಿಗಾದಲ್ಲಿ ಅದೇ ಗುಂಪಿನ ಔಷಧಗಳಾದ ಮೆಥಡೋನ್ ಅಥವಾ ಬ್ಯುಪ್ರೆನಾರ್ಫಿನ್ ಕೊಡುವುದೇ ಮೇಲು ಎನ್ನುತ್ತದೆ. “ಒಂದು ಅಮಲು ಬಿಡಿಸಿ ಇನ್ನೊಂದು ಹಿಡಿಸಿದಂತಾಯ್ತಲ್ಲ” ಎನ್ನುವವರಿದ್ದಾರೆ. ಹಾಗಲ್ಲ. ಅಳತೆಯ ಔಷಧದಿಂದ ಅಮಲಿನ ಏರಿಳಿತ ನಿಲ್ಲುತ್ತದೆ, ಅವಳು ಹೊತ್ತಿಗೆ ಉಣ್ಣುತ್ತಾಳೆ, ತಪಾಸಣೆಗೆ ಬರುತ್ತಾಳೆ.

ಮಗು ಚಟ ಹೊತ್ತೇ ಹುಟ್ಟುತ್ತದೆ ಎಂಬುದೂ ಸುಳ್ಳು. ಹುಟ್ಟಿದ ಮೇಲೆ ತಾಯಿಯಿಂದ ಔಷಧದ ಪೂರೈಕೆ ನಿಂತಾಗ ಕೆಲವು ಕೂಸುಗಳಿಗೆ ನಡುಕ, ಕೀರಲು ಅಳು, ಮೊಲೆ ಚೀಪಲಾಗದ ತೊಂದರೆ ಬರುತ್ತದೆ, ಸಾಮಾನ್ಯವಾಗಿ ಮೊದಲ ಮೂರು ದಿನಗಳಲ್ಲಿ. ಇದಕ್ಕೆ ಚಿಕಿತ್ಸೆ ಇದೆ. ಮಂದ ಬೆಳಕು, ತಾಯಿಯ ಎದೆಗೆ ತಾಗಿ ಮಲಗುವುದು, ಚಿಕಿತ್ಸೆಯಲ್ಲಿ ಸ್ಥಿರವಾಗಿರುವ ತಾಯಿಗೆ ಬೇರೆ ಅಡ್ಡಿಯಿಲ್ಲದಿದ್ದರೆ ಅವಳ ಎದೆಹಾಲು, ಇವೆಲ್ಲ ಅದರ ಭಾಗವೇ.

ಬೈದು ಬೆದರಿಸಿದರೆ ದಾರಿಗೆ ಬರುತ್ತಾಳೆ ಎಂಬ ನಂಬಿಕೆ ಬೇರೆ. ಬೆದರಿದವಳು ಆಸ್ಪತ್ರೆಯಿಂದಲೇ ದೂರ ಉಳಿಯುತ್ತಾಳೆ. 2022ರ ನವೆಂಬರಿನಲ್ಲಿ ತುಮಕೂರು ಜಿಲ್ಲಾಸ್ಪತ್ರೆಯಲ್ಲಿ ತಾಯಿ ಕಾರ್ಡು, ಆಧಾರ್ ಇಲ್ಲವೆಂದು ದಾಖಲಿಸಿಕೊಳ್ಳದೆ ಕಳಿಸಿದ ತುಂಬು ಬಸುರಿಯೊಬ್ಬಳು ಮನೆಯಲ್ಲೇ ಹೆತ್ತು ಸತ್ತಳು. ಅವಳಿ ಕೂಸುಗಳೂ ಉಳಿಯಲಿಲ್ಲ. ಅವಳ ಸಾವಿಗೆ ಯಾವ ಚಟವೂ ಕಾರಣವಾಗಿರಲಿಲ್ಲ, ಬಡತನ ಮತ್ತು ಕಾಗದ ಸಾಕಾಯಿತು. ಮುಚ್ಚಿಡುವ ಗುಟ್ಟೊಂದು ಇರುವವಳು ಆ ಬಾಗಿಲಿಗೆ ಹೇಗೆ ಬಂದಾಳು?

ಕಾನೂನು ಊರಿನಷ್ಟು ಕಠೋರವಲ್ಲ. ಸ್ವತಃ ಬಳಸಿದ್ದಕ್ಕೋ ಸಣ್ಣ ಪ್ರಮಾಣ ಇಟ್ಟುಕೊಂಡದ್ದಕ್ಕೋ ಆರೋಪ ಬಂದ ವ್ಯಸನಿ ತಾನಾಗಿ ಸರ್ಕಾರಿ ಮಾನ್ಯತೆಯ ಕಡೆ ಚಿಕಿತ್ಸೆಗೆ ಒಪ್ಪಿದರೆ ಮಾದಕವಸ್ತು ತಡೆಯ ಎನ್‌ಡಿಪಿಎಸ್ ಕಾಯ್ದೆಯ 64ಎ ಕಲಂ ಮೊಕದ್ದಮೆಯಿಂದ ರಕ್ಷಣೆ ಕೊಡುತ್ತದೆ. ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿ ಚಿಕಿತ್ಸೆ ಪಡೆಯುತ್ತಿರುವ ತಾಯಿಯಿಂದ ಮೂರು ವರ್ಷದೊಳಗಿನ ಮಗುವನ್ನು ಸಾಮಾನ್ಯವಾಗಿ ಬೇರೆ ಮಾಡಕೂಡದು ಎನ್ನುತ್ತದೆ 2017ರ ಮಾನಸಿಕ ಆರೋಗ್ಯ ಕಾಯ್ದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಯ ವಿಭಾಗವಿದೆ. ಕೇಂದ್ರ ಸರ್ಕಾರದ ಉಚಿತ ಸಹಾಯವಾಣಿ 14446. ನಿಮ್ಮ ಓಣಿಯಲ್ಲಿ ಅಂಥವಳೊಬ್ಬಳಿದ್ದರೆ ಬುದ್ಧಿ ಹೇಳಬೇಡಿ, ಈ ನಂಬರು ಕೊಡಿ, ಆಸ್ಪತ್ರೆಗೆ ಜೊತೆಗೆ ಹೋಗಿ.